ವಿಧಾನ ಪರಿಷತ್ತೂ ಶಿಕ್ಷಕರ ಮತವೂ

‘ಪರಿಷತ್ತು’ ಎಂದರೆ ಸುತ್ತಲೂ ಕುಳಿತು ವಿಚಾರಿಸುವವರ ಸಭೆ. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1907ರಲ್ಲಿ, ಮೈಸೂರು ಸಂಸ್ಥಾನದಲ್ಲಿ ಆರಂಭವಾದ ಶಾಸನ ಸಭೆಯೇ ನಮ್ಮ ವಿಧಾನ ಪರಿಷತ್ತಿನ ಮೂಲ. ಇಂದು ಇದರ 75 ಸ್ಥಾನಗಳಲ್ಲಿ 25ನ್ನು ವಿಧಾನಸಭೆಯ ಸದಸ್ಯರೂ, 25ನ್ನು ಸ್ಥಳೀಯ ಸಂಸ್ಥೆಗಳ ಸದಸ್ಯರೂ, 7ನ್ನು ಪದವೀಧರರೂ, 7ನ್ನು ಶಿಕ್ಷಕರೂ ಚುನಾವಣೆಯಿಂದ ತುಂಬುತ್ತಾರೆ. ಉಳಿದ 11 ಮಂದಿಯನ್ನು ರಾಜ್ಯಪಾಲರು ನಾಮನಿರ್ದೇಶನ ಮಾಡುತ್ತಾರೆ. ಸದಸ್ಯರಾಗುವವರಿಗೆ 30 ವರ್ಷ ತುಂಬಿರಬೇಕು. ಅವಧಿ 6 ವರ್ಷ.

ಇಲ್ಲೊಂದು ಸೂಕ್ಷ್ಮವುಂಟು. ಶಿಕ್ಷಕರ ಕ್ಷೇತ್ರದ ಮತದಾರರು ಪ್ರೌಢಶಾಲೆಯಲ್ಲಾಗಲಿ ಅದಕ್ಕೆ ಮೇಲ್ಪಟ್ಟ ಸಂಸ್ಥೆಯಲ್ಲಾಗಲಿ ಕಳೆದ 6 ವರ್ಷಗಳಲ್ಲಿ ಒಟ್ಟು 3 ವರ್ಷ ಬೋಧಿಸಿರಬೇಕು. ಅಭ್ಯರ್ಥಿಯಾದರೋ ಶಿಕ್ಷಕನೇ ಆಗಿರಬೇಕೆಂಬ ನಿಯಮವಿಲ್ಲ. ಅಕ್ಷರಾಭ್ಯಾಸ ಮಾಡಿಸುವ ಪ್ರಾಥಮಿಕ ಶಾಲೆಯ ಉಪಾಧ್ಯಾಯರಿಗಂತೂ ಈ ಕ್ಷೇತ್ರದಲ್ಲಿ ಮತವೇ ಇಲ್ಲ. ಆದುದರಿಂದ ಮತವುಳ್ಳವರ ಹೊಣೆ ಇಮ್ಮಡಿಯಾದುದು. ಅವರು ತಮಗಾಗಿ ಮಾತ್ರವಲ್ಲ, ಮತವಿಲ್ಲದ ಆ ಸಹೋದ್ಯೋಗಿಗಳಿಗಾಗಿಯೂ ಆರಿಸಬೇಕು.

ಪ್ರತಿ ಚುನಾವಣೆಗೂ ಈ ಮತದಾರರ ಪಟ್ಟಿಯನ್ನು ಹೊಸದಾಗಿ ಸಿದ್ಧಪಡಿಸುವುದರಿಂದ ಹಿಂದೊಮ್ಮೆ ಹೆಸರು ಬರೆಸಿದ್ದರೆ ಸಾಲದು. ಮತಪತ್ರದಲ್ಲಿಯೂ ಪ್ರಾಶಸ್ತ್ಯವನ್ನು ಅಂಕಿಯಿಂದಲೇ ಸೂಚಿಸಬೇಕು. 1 ಎಂಬ ಅಂಕಿಯಿಲ್ಲದ ಮತ ಅಸಿಂಧು. ಜಯನಗರ, ಬನಶಂಕರಿಗಳಲ್ಲಿ ನೆಲೆಸಿರುವ ನಮ್ಮ ಅಧ್ಯಾಪಕರು ಬೆಂಗಳೂರು ಶಿಕ್ಷಕರ ಕ್ಷೇತ್ರದಲ್ಲಿಯೂ, ಪದವಿ ಪಡೆದು 3 ವರ್ಷ ಕಳೆದ ಹಳೆಯ ವಿದ್ಯಾರ್ಥಿಗಳು ಪದವೀಧರರ ಕ್ಷೇತ್ರದಲ್ಲಿಯೂ ಹೆಸರು ನೋಂದಾಯಿಸಲಿ. ಮಕ್ಕಳಿಗೆ ಪೌರನೀತಿಯನ್ನು ಬೋಧಿಸುವವರು ಅದನ್ನು ತಾವೇ ಆಚರಿಸಿ ತೋರುವುದಕ್ಕಿಂತ ಮಿಗಿಲಾದ ಪಾಠವಿಲ್ಲ.