ಕೃಷ್ಣೆಯ ದಂಡೆಗೆ ಬರುವ ಪರದೇಶದ ಹಕ್ಕಿಗಳು

ಮಳೆಗಾಲದ ಕೆಂಪು ನೀರು ಇಳಿದು ಕೃಷ್ಣೆಯ ಎರಡೂ ಮಗ್ಗುಲಲ್ಲಿ ಕೆಸರಿನ ದಂಡೆ ಕಾಣತೊಡಗಿದಾಗ, ಬಾಲವನ್ನು ಸದಾ ಮೇಲೆ ಕೆಳಗೆ ಆಡಿಸುತ್ತ ಓಡಾಡುವ ಸಣ್ಣ ಹಕ್ಕಿಯೊಂದನ್ನು ನೀವು ನೋಡಿರಬಹುದು. ಇದಕ್ಕೆ ಕನ್ನಡದಲ್ಲಿ ಸಿಪಿಲೆ ಎಂದು ಹೆಸರು, ಮರಾಠಿಯಲ್ಲಿ ಧೋಬಿ. ನೀರಿನಂಚಿನ ಬಟ್ಟೆ ಒಗೆಯುವ ಕಲ್ಲುಗಳ ಬಳಿ ಸುಳಿದಾಡುವುದರಿಂದ ಆ ಹೆಸರು ಬಂದಿರಬೇಕು.

ಆದರೆ ಎಲ್ಲ ಸಿಪಿಲೆಗಳೂ ಪರದೇಶದವಲ್ಲ. ಕಪ್ಪು ಬೆನ್ನು, ಬಿಳಿ ಹುಬ್ಬಿನ ದೊಡ್ಡ ಸಿಪಿಲೆ ವರ್ಷವಿಡೀ ನಮ್ಮ ಊರಿನದೇ. ಬೂದು ಬೆನ್ನು, ಬಾಲದ ಬುಡದಲ್ಲಿ ಹಳದಿ ಬಣ್ಣವಿರುವ ಬೂದು ಸಿಪಿಲೆ ಮಾತ್ರ ಹಿಮಾಲಯದಲ್ಲಿ ಮತ್ತು ಅದರಾಚೆಯ ಉತ್ತರದ ನಾಡುಗಳಲ್ಲಿ ಮರಿಮಾಡಿ, ಸೆಪ್ಟೆಂಬರಿನ ಸುಮಾರಿಗೆ ಇತ್ತ ಬರುತ್ತದೆ. ಈ ಎರಡನ್ನು ಬೇರೆ ಮಾಡಿ ಗುರುತಿಸಲು ಕಲಿತರೆ ವಲಸೆಯ ಪಾಠ ಅರ್ಧ ಮುಗಿದಂತೆಯೇ.

ಹಕ್ಕಿಗಳು ಚಳಿಗೆ ಹೆದರಿ ಓಡಿಬರುತ್ತವೆ ಎಂದು ಸಾಮಾನ್ಯವಾಗಿ ಹೇಳುತ್ತಾರೆ. ಗರಿಗಳ ಹೊದಿಕೆಯುಳ್ಳ ಹಕ್ಕಿಗೆ ಚಳಿಗಿಂತ ಹಸಿವು ದೊಡ್ಡ ಶತ್ರು. ಹಿಮ ಬಿದ್ದರೆ ಹುಳುಹುಪ್ಪಟೆ ಸಿಕ್ಕುವುದಿಲ್ಲ. ಹಿಮ ಬೀಳುವ ಮೊದಲೇ, ಹಗಲು ಕಿರಿದಾಗುತ್ತ ಹೋದಂತೆ, ಅವುಗಳ ದೇಹದಲ್ಲಿ ಕೊಬ್ಬು ಕೂಡತೊಡಗುತ್ತದೆ. ಪ್ರಯಾಣಕ್ಕೆ ಅದೇ ಬುತ್ತಿ. ಅನೇಕ ಸಣ್ಣ ಹಕ್ಕಿಗಳು ರಾತ್ರಿ ಹಾರುತ್ತವೆ. ನಕ್ಷತ್ರಗಳೂ ಭೂಮಿಯ ಕಾಂತಶಕ್ತಿಯೂ ಅವಕ್ಕೆ ದಾರಿ ತೋರಿಸುತ್ತವೆ.

ಕಡಲಿಗೆ ಚಾಚಿದ ಗುಡ್ಡದ ಮೇಲೆ ನಿಂತು ಹಕ್ಕಿಗಳ ಸಾಲು ದಾಟುವುದನ್ನು ನೋಡುವ ಭಾಗ್ಯ ಸಾಂಗಲಿ ಮಿರಜಿನ ನಮಗಿಲ್ಲ. ನಮಗೆ ನದಿಯಿದೆ. ಕೃಷ್ಣಾ ವಾರಣಾ ನದಿಗಳು ಕೂಡುವ ಹರಿಪುರದ ದಂಡೆ ಇದಕ್ಕೆ ಒಳ್ಳೆಯ ಸ್ಥಳ. ಹೊಲವಿದ್ದವರಿಗೆ ನದಿಯೂ ಬೇಡ. ಜತ್ತ, ಕವಠೇಮಹಾಂಕಾಳದ ಕಡೆಯ ಜೋಳದ ಹೊಲಗಳ ಮೇಲೆ ಮೋಡದಂತೆ ತಿರುಗುವ ಭೋರಡಿಗಳು ರೈತರೆಲ್ಲರಿಗೂ ಗೊತ್ತು. ಕಪ್ಪು ತಲೆ, ಗುಲಾಬಿ ಮೈಯ ಈ ಕಬ್ಬಕ್ಕಿ ಮಧ್ಯ ಏಷ್ಯದ ಬಯಲುಗಳಿಂದ ಬರುತ್ತದೆ. ಸೀತನಿಯ ಕಾಲದಲ್ಲಿ ಅಟ್ಟಣೆ ಏರಿ ಕವಣೆ ಬೀಸುವ ರೈತನ ಸಿಟ್ಟು ನ್ಯಾಯವಾದದ್ದೇ. ಒಂದು ಹಿಂಡು ಇಳಿದರೆ ತೆನೆ ಬರಿದಾಗುತ್ತದೆ. ಆದರೆ ಇದೇ ಹಕ್ಕಿ ಮಿಡತೆಗಳನ್ನು ರಾಶಿರಾಶಿಯಾಗಿ ತಿನ್ನುತ್ತದೆ. ಆ ಲೆಕ್ಕವನ್ನು ಮನೆಯಲ್ಲಿ ಯಾರೂ ಹೇಳುವುದಿಲ್ಲ.

ಇನ್ನೂ ದೊಡ್ಡ ಪ್ರಯಾಣಿಕನನ್ನು ನೋಡಬೇಕಾದರೆ ಗದಗ ಜಿಲ್ಲೆಯ ಮಾಗಡಿ ಕೆರೆಗೆ ಹೋಗಬೇಕು. ತಲೆಯ ಮೇಲೆ ಎರಡು ಕಪ್ಪು ಪಟ್ಟೆಗಳಿರುವ ಹೆಬ್ಬಾತುಗಳು ಮಂಗೋಲಿಯ, ಟಿಬೆಟ್ಟುಗಳ ಕಡೆಯಿಂದ ಹಿಮಾಲಯ ದಾಟಿ ಅಲ್ಲಿಗೆ ಬರುತ್ತವೆ. ಇವು 7000 ಮೀಟರಿಗೂ ಎತ್ತರದಲ್ಲಿ ಹಾರಿದ್ದನ್ನು ಉಪಗ್ರಹಕ್ಕೆ ಸಂಕೇತ ಕಳುಹಿಸುವ ಪುಟ್ಟ ಯಂತ್ರಗಳನ್ನು ಕಟ್ಟಿ ಅಳೆದಿದ್ದಾರೆ. 2024ರಲ್ಲಿ ಮಾಗಡಿ ಕೆರೆ ರಾಮ್ಸಾರ್ ತಾಣಗಳ ಪಟ್ಟಿಗೆ ಸೇರಿತು.

ಮಹಾರಾಷ್ಟ್ರದಲ್ಲಿ ನವೆಂಬರ್ 5ರಿಂದ 12ರವರೆಗೆ ಪಕ್ಷಿ ಸಪ್ತಾಹ. ಮೊದಲ ದಿನ ಸೊಲ್ಲಾಪುರದಲ್ಲಿ ಹುಟ್ಟಿದ ಮಾರುತಿ ಚಿತಂಪಲ್ಲಿಯವರ, ಕೊನೆಯ ದಿನ ಸಲೀಂ ಅಲಿಯವರ ಜನ್ಮದಿನ. ಆ ವಾರಕ್ಕಾಗಿ ಕಾಯಬೇಡಿರಿ, ಆಗ ಹಲವು ಹಕ್ಕಿಗಳು ಬಂದು ತಿಂಗಳಾಗಿರುತ್ತದೆ. ಗಣೇಶ ಚೌತಿಯ ಹೊತ್ತಿಗೇ ಒಂದು ವಹಿ ತೆಗೆದಿಡಿರಿ. ಬೂದು ಸಿಪಿಲೆ ಮೊದಲು ಕಂಡ ತಾರೀಖು, ಸ್ಥಳ, ಅದರ ಜೊತೆಗೆ ಅಜ್ಜ ಅಜ್ಜಿಯರು ಆ ಹಕ್ಕಿಗೆ ಹೇಳುವ ಹೆಸರು, ಇಷ್ಟು ಬರೆದರೆ ಸಾಕು. ಮಾರ್ಚ್ ಏಪ್ರಿಲಿನಲ್ಲಿ ಅವು ಹಿಂತಿರುಗುವಾಗ ಕೊನೆಯ ಬಾರಿ ಕಂಡ ತಾರೀಖನ್ನೂ ಅದರ ಮುಂದೆ ಬರೆಯಿರಿ. ಪರೀಕ್ಷೆಯ ದಿನಗಳಾದ್ದರಿಂದ ಹೆಚ್ಚಿನವರು ಇದನ್ನು ಮರೆಯುತ್ತಾರೆ.