ಮೀಟರ್ ಹೊರಗೆ ಕಳಿಸುವ ಮುನ್ನ: ಲ್ಯಾಬಿನವರಿಗೆ ಆರು ಸೂತ್ರ

ಯುಬಿಡಿಟಿ, ಬಿಐಇಟಿ ಎಂಜಿನಿಯರಿಂಗ್ ಕಾಲೇಜುಗಳ ಲ್ಯಾಬುಗಳಲ್ಲಿ ಸ್ಕೋಪ್ (ಆಸಿಲೋಸ್ಕೋಪ್) ಹಿಡಿದಿರುವ ವಿದ್ಯಾರ್ಥಿಗಳೇ, ಹರಿಹರದ ಕಾರ್ಖಾನೆಗಳಲ್ಲಿ ಮೇಂಟೆನೆನ್ಸ್ ನೋಡಿಕೊಳ್ಳುವವರೇ, ರೀಡಿಂಗ್ ತೆಗೆಯುವುದು ಎಲ್ಲರಿಗೂ ಬರುತ್ತದೆ. ಅದೇ ಯಂತ್ರ ಸರ್ವೀಸ್‌ಗೋ ಬಾಡಿಗೆಗೋ ಗುಜರಿಗೋ ಹೋಗುವ ಮುನ್ನ ಒಳಗಿನ ಡೇಟಾ ಪೂರ್ತಿ ಅಳಿಸಬಲ್ಲವರು ಕಡಿಮೆ. ಆ ಕೆಲವರಲ್ಲಿ ನೀವಿರಬೇಕು.

1. ರಿಸೆಟ್ ನಂಬಬೇಡಿ.
ಡೀಫಾಲ್ಟ್ ಸೆಟಪ್ ಒತ್ತಿದರೆ ಸೆಟಿಂಗ್ ಮಾತ್ರ ಬದಲಾಗುತ್ತದೆ. ಸೇವ್ ಮಾಡಿದ ವೇವ್‌ಫಾರ್ಮ್, ಸ್ಕ್ರೀನ್‌ಶಾಟ್ ಅಲ್ಲೇ ಇರುತ್ತವೆ. ಕಾರ್ಖಾನೆಯ ಪವರ್ ಅನಲೈಸರ್ ಆಗಿದ್ದರೆ ಯಾವ ಶಿಫ್ಟಿನಲ್ಲಿ ಎಷ್ಟು ಲೋಡ್ ಓಡಿತು ಎಂಬ ಲೆಕ್ಕವೂ ಇರುತ್ತದೆ. ಅದು ಪಕ್ಕದ ಕಂಪನಿಗೆ ಸಿಗಬೇಕೇ?

2. ಮೆಮೊರಿಯ ಪಟ್ಟಿ ಕೇಳಿ ಪಡೆಯಿರಿ.
ಮಾಮೂಲಿ ರ್‍ಯಾಮ್ ಪವರ್ ಆಫ್ ಆದರೆ ಖಾಲಿ. ಫ್ಲ್ಯಾಶ್, ಈಈಪ್ರಾಮ್, ಬ್ಯಾಟರಿ ಕೊಟ್ಟ ಎಸ್‌ರ್‍ಯಾಮ್, ಹಾರ್ಡ್ ಡಿಸ್ಕ್ ಖಾಲಿಯಾಗುವುದಿಲ್ಲ. ಯಾವ ಚಿಪ್‌ನಲ್ಲಿ ಏನು ಕೂರುತ್ತದೆ, ಹೇಗೆ ಅಳಿಸಬೇಕು ಎಂದು ದೊಡ್ಡ ತಯಾರಕರು ‘ಸ್ಟೇಟ್‌ಮೆಂಟ್ ಆಫ್ ವೊಲಟಿಲಿಟಿ’ ಎಂಬ ದಾಖಲೆ ಕೊಡುತ್ತಾರೆ. ಮಾಡೆಲ್ ನಂಬರ್ ಹಾಕಿ ಹುಡುಕಿ. "ನನಗೆ ಎಂಬೆಡೆಡ್ ಗೊತ್ತಿಲ್ಲ" ಎಂಬ ಹಿಂಜರಿಕೆ ಬಿಡಿ. ಇದಕ್ಕೆ ಓದುವ ತಾಳ್ಮೆ ಸಾಕು.

3. ಸರಿಯಾದ ಮೆನು ಬಳಸಿ.
ಕೀಸೈಟ್ ಇನ್ಫಿನಿವಿಷನ್ ಸ್ಕೋಪ್‌ನಲ್ಲಿ ಸೇವ್/ರೀಕಾಲ್ ಕೀ ಒತ್ತಿ, ಡೀಫಾಲ್ಟ್/ಎರೇಸ್‌ಗೆ ಹೋಗಿ, ಸೆಕ್ಯೂರ್ ಎರೇಸ್ ಆರಿಸಿ. ಟೆಕ್ಟ್ರಾನಿಕ್ಸ್‌ನ ಹಲವು ಸ್ಕೋಪ್‌ಗಳಲ್ಲಿ ಯುಟಿಲಿಟಿ ಮೆನುವಿನೊಳಗೆ ಟೆಕ್‌ಸೆಕ್ಯೂರ್ ಸಿಗುತ್ತದೆ. ಬೇಕಾದ ಫೈಲು ಮೊದಲೇ ಪೆನ್‌ಡ್ರೈವ್‌ಗೆ ಇಳಿಸಿಕೊಳ್ಳಿ. ಒಮ್ಮೆ ಒತ್ತಿದ ಮೇಲೆ ವಾಪಸ್ ಬರುವುದಿಲ್ಲ. ಕೊನೆಗೆ ಆ ಪೆನ್‌ಡ್ರೈವ್ ಯಂತ್ರದಲ್ಲೇ ಬಿಟ್ಟು ಕಳಿಸುವವರೂ ಇದ್ದಾರೆ!

4. ಕ್ಯಾಲಿಬ್ರೇಷನ್ ಮುಟ್ಟಬೇಡಿ.
ತಯಾರಕರ ಸೆಕ್ಯೂರ್ ಎರೇಸ್ ಸಾಮಾನ್ಯವಾಗಿ ಕ್ಯಾಲಿಬ್ರೇಷನ್ ಅಂಕಿಗಳನ್ನು ಹಾಗೇ ಉಳಿಸುತ್ತದೆ. ಅತಿ ಜಾಣತನದಿಂದ ಚಿಪ್ಪನ್ನೇ ಖಾಲಿ ಮಾಡಿದರೆ ಎನ್‌ಎಬಿಎಲ್ ಮಾನ್ಯತೆಯ ಲ್ಯಾಬಿನ ಕ್ಯಾಲಿಬ್ರೇಷನ್ ಸರ್ಟಿಫಿಕೇಟ್ ಬರೀ ಕಾಗದ.

5. ಡಿಸ್ಕ್ ಇದ್ದರೆ ಬಿಗಿಯಾಗಿರಿ.
ವಿಂಡೋಸ್ ಮೇಲೆ ಓಡುವ ಸ್ಕೋಪ್‌ಗೆ ಫೈಲ್ ಡಿಲೀಟ್, ಕ್ವಿಕ್ ಫಾರ್ಮ್ಯಾಟ್ ಸಾಲದು. ಎಸ್‌ಎಸ್‌ಡಿ, ಫ್ಲ್ಯಾಶ್‌ಗಳಲ್ಲಿ ಒಂದೇ ಜಾಗ ಸವೆಯಬಾರದೆಂದು ಕಂಟ್ರೋಲರ್ ಬರಹವನ್ನು ಬೇರೆ ಬೇರೆ ಕಡೆ ಹಂಚುತ್ತದೆ. ಹಾಗಾಗಿ ಮೇಲಿನಿಂದ ಬರೆದರೂ ಹಳೆಯ ಪ್ರತಿ ಒಳಗೆ ಉಳಿಯಬಹುದು. ಡೇಟಾ ಅಳಿಸುವ ಬಗ್ಗೆ ಅಮೆರಿಕದ ಎನ್‌ಐಎಸ್‌ಟಿ 800-88 ಮಾರ್ಗಸೂಚಿಯಲ್ಲಿ ಮೂರು ಹಂತಗಳಿವೆ: ಕ್ಲಿಯರ್ (ಮಾಮೂಲಿ ಸಾಧನಗಳಿಂದ ಮರಳಿ ಸಿಗದಂತೆ ಅಳಿಸುವುದು), ಪರ್ಜ್ (ಲ್ಯಾಬಿನ ತಂತ್ರಗಳಿಂದಲೂ ಸಿಗದಂತೆ ಅಳಿಸುವುದು), ಡೆಸ್ಟ್ರಾಯ್ (ಡಿಸ್ಕ್ ಅಥವಾ ಚಿಪ್ಪನ್ನೇ ನಾಶ ಮಾಡುವುದು). ಈ ಮೂರನ್ನು ಬಾಯಿಪಾಠ ಮಾಡಿ, ಇಂಟರ್‌ವ್ಯೂನಲ್ಲಿ ಉದಾಹರಣೆ ಸಮೇತ ಹೇಳಿ. ಡಿಸ್ಕ್ ಬಿಚ್ಚಲು ಬರುವಂತಿದ್ದರೆ ಅದನ್ನು ತೆಗೆದು ನಿಮ್ಮಲ್ಲೇ ಇಟ್ಟುಕೊಂಡು ಯಂತ್ರ ಕಳಿಸುವುದೇ ನನ್ನ ಪ್ರಕಾರ ಉತ್ತಮ. ಡಿಸ್‌ಪ್ಲೇ ಸತ್ತು ಮೆನು ತೆರೆಯದ ಯಂತ್ರ ಗುಜರಿಗೆ ಹೊರಟಿದ್ದರೆ ಮೆಮೊರಿ ಬೋರ್ಡನ್ನೇ ನಾಶ ಮಾಡಿಸಿ.

6. ಪರೀಕ್ಷಿಸಿ, ಬರೆದಿಡಿ.
ಯಂತ್ರ ಮತ್ತೆ ಆನ್ ಮಾಡಿ. ರೀಕಾಲ್ ಪಟ್ಟಿ ಖಾಲಿಯೇ? ಐಪಿ ವಿಳಾಸ ಹೋಯಿತೇ? ಮಾಡೆಲ್, ಸೀರಿಯಲ್ ನಂಬರ್, ಅಳಿಸಿದ ವಿಧಾನ, ತಾರೀಖು, ಸಹಿ: ರಿಜಿಸ್ಟರಿನಲ್ಲಿ ಒಂದು ಸಾಲು. ಆಡಿಟರ್ ಕೇಳುವುದು ಆ ಸಾಲನ್ನೇ.

ಈ ವಾರವೇ ಶುರು ಮಾಡಿ. ಲ್ಯಾಬ್ ಇನ್‌ಸ್ಟ್ರಕ್ಟರ್ ಒಪ್ಪಿಗೆ ಪಡೆದು ಒಂದು ಸ್ಕೋಪಿನ ರೀಕಾಲ್ ಮೆನು ತೆರೆಯಿರಿ. ಯಾವ ಬ್ಯಾಚಿನವರ ಫೈಲುಗಳು ಇನ್ನೂ ಅಲ್ಲಿವೆಯೋ ನೀವೇ ನೋಡಿ.