ಇಂದಿನ ಧಮ್ಮ ಚಿಂತನೆ: ‘ಮಿತವಾಗಿ ಕುಡಿದರೆ ಹೃದಯಕ್ಕೆ ಒಳ್ಳೇದಂತೆ!’



ಮದುವೆಯಿರಲಿ, ಗೃಹಪ್ರವೇಶವಿರಲಿ, ಮನೆಯ ಹಿಂದೆ ನಾಲ್ಕು ಜನ ಸೇರುತ್ತಾರೆ. “ನಮಗೆ ಐದನೇ ಶೀಲ ಇದೆಯಲ್ಲಣ್ಣ” ಎಂದರೆ ಒಬ್ಬರು ನಗುತ್ತಾರೆ: “ಒಂದು ನೈಂಟಿ ಹಾರ್ಟಿಗೆ ಒಳ್ಳೇದು ಅಂತ ಡಾಕ್ಟ್ರೇ ಹೇಳ್ತಾರೆ ಕಣಪ್ಪ.”

ಶೀಲದ ಹೆಸರು ಹೇಳಿ ಅವರ ಬಾಯಿ ಮುಚ್ಚಿಸುವುದು ಬೇಡ. ಯಾರೋ ಹೇಳಿದರೆಂದು ನಂಬಬೇಡಿ, ಪರೀಕ್ಷಿಸಿ ನೋಡಿ ಎಂಬುದೇ ಕಾಲಾಮರಿಗೆ ಭಗವಾನ್ ಬುದ್ಧರು ತೋರಿದ ದಾರಿ. ಈ ಮಾತನ್ನೂ ಪರೀಕ್ಷಿಸೋಣ.

*ಮಾತು ಹುಟ್ಟಿದ್ದು ಹೇಗೆ?*
ಫ್ರಾನ್ಸಿನ ಜನ ಬೆಣ್ಣೆ, ಚೀಸ್ ಧಾರಾಳವಾಗಿ ತಿಂದರೂ ಅವರಲ್ಲಿ ಹೃದಯಾಘಾತ ಕಡಿಮೆ, ಅದಕ್ಕೆ ಕೆಂಪು ವೈನ್ ಕಾರಣವಿರಬಹುದು ಎಂದು 1991ರಲ್ಲಿ ಅಮೆರಿಕದ ಒಂದು ಟಿವಿ ಕಾರ್ಯಕ್ರಮ ಹೇಳಿತು. ಹಲವು ಅಧ್ಯಯನಗಳಲ್ಲೂ ಕುಡಿಯದವರಿಗಿಂತ ಸ್ವಲ್ಪ ಕುಡಿಯುವವರೇ ಆರೋಗ್ಯವಾಗಿ ಕಂಡರು. ಆದರೆ ‘ಕುಡಿಯದವರ’ ಲೆಕ್ಕದಲ್ಲಿ ಕಾಯಿಲೆ ಬಂದ ಮೇಲೆ ಕುಡಿತ ಬಿಟ್ಟವರೂ ಸೇರಿದ್ದರು. ಸ್ವಲ್ಪ ಕುಡಿಯುವವರಲ್ಲಿ ಹಣ, ಒಳ್ಳೆಯ ಊಟ, ವ್ಯಾಯಾಮ ಇದ್ದವರೇ ಹೆಚ್ಚು. ಅನುಕೂಲಸ್ಥರ ಬದುಕು ಕೊಟ್ಟ ಆರೋಗ್ಯದ ಹೆಸರು ಗ್ಲಾಸಿಗೆ ಹೋಯಿತು.

ಚೀನಾದಲ್ಲಿ 5 ಲಕ್ಷ ಜನರನ್ನು ಒಳಗೊಂಡ ಅಧ್ಯಯನವೊಂದು ವಂಶವಾಹಿಗಳ ಮೂಲಕ ಇದನ್ನು ಪರಿಶೀಲಿಸಿ 2019ರಲ್ಲಿ ಫಲಿತಾಂಶ ಪ್ರಕಟಿಸಿತು. ಕುಡಿತ ಹೆಚ್ಚಿದಷ್ಟೂ ಬಿಪಿ, ಲಕ್ವ ಹೆಚ್ಚು. ಮಿತವಾಗಿ ಕುಡಿದರೆ ಲಕ್ವದಿಂದ ರಕ್ಷಣೆ ಎಂಬುದಕ್ಕೆ ಆಧಾರ ಸಿಗಲಿಲ್ಲ. ಹೃದಯಾಘಾತದ ಬಗ್ಗೆ ವಿಜ್ಞಾನಿಗಳ ಚರ್ಚೆ ಇನ್ನೂ ಮುಗಿದಿಲ್ಲ. ಆದರೆ ಆರೋಗ್ಯಕ್ಕೆ ಸುರಕ್ಷಿತವೆನ್ನುವ ಮದ್ಯದ ಪ್ರಮಾಣವೇ ಇಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ 2023ರ ಜನವರಿಯಲ್ಲಿ ಸ್ಪಷ್ಟವಾಗಿ ಹೇಳಿತು. ಕ್ಯಾನ್ಸರ್ ಅಪಾಯ ಮೊದಲ ಗುಟುಕಿನಿಂದಲೇ ಶುರು.

*‘ಮಿತ’ ಅಂದರೆ ಎಷ್ಟು?*
ಅಮೆರಿಕದ ಲೆಕ್ಕದಲ್ಲಿ ಒಂದು ‘ಡ್ರಿಂಕ್’ ಅಂದರೆ 14 ಗ್ರಾಂ ಆಲ್ಕೋಹಾಲ್. ನಮ್ಮ ಒಂದು ನೈಂಟಿಯಲ್ಲಿ ಸುಮಾರು 30 ಗ್ರಾಂ ಇರುತ್ತದೆ. ಅಂದರೆ ನೈಂಟಿ ಒಂದಲ್ಲ, ಎರಡು ‘ಡ್ರಿಂಕ್’ಗಿಂತ ಹೆಚ್ಚು!

*ಒಳಗೆ ಏನಾಗುತ್ತದೆ?*
🔹 ಆ ನೈಂಟಿಯಿಂದ 200ಕ್ಕೂ ಹೆಚ್ಚು ಕ್ಯಾಲರಿ. ಪೋಷಣೆ ಏನೂ ಇಲ್ಲ.
🔹 ಲಿವರ್ ಕೊಬ್ಬು ಕರಗಿಸುವ ಕೆಲಸ ಬದಿಗಿಟ್ಟು ಆಲ್ಕೋಹಾಲನ್ನು ಹೊರಹಾಕಲು ನಿಲ್ಲುತ್ತದೆ. ದಿನವೂ ಹೀಗಾದರೆ ಕೊಬ್ಬು ಲಿವರಿನಲ್ಲೂ ರಕ್ತದಲ್ಲೂ ಸೇರುತ್ತದೆ.
🔹 ಬಿಪಿ ಏರುತ್ತದೆ, ಹೃದಯದ ಬಡಿತ ತಾಳ ತಪ್ಪಬಹುದು.
🔹 ಶುಗರ್ ಇರುವವರು ಗಮನಿಸಿ: ಇನ್ಸುಲಿನ್ ಅಥವಾ ಕೆಲವು ಮಾತ್ರೆಗಳ ಜೊತೆ ಕುಡಿದರೆ, ಅದರಲ್ಲೂ ಖಾಲಿ ಹೊಟ್ಟೆಯಲ್ಲಿ, ಶುಗರ್ ಅಪಾಯಕಾರಿಯಾಗಿ ಇಳಿಯಬಹುದು. ಆಗಿನ ತೊದಲು, ತೂರಾಟ ನೋಡಿ ಮನೆಯವರು ‘ಕುಡಿದಿದ್ದಾನೆ, ಮಲಗಲಿ ಬಿಡಿ’ ಎಂದುಕೊಂಡರೆ ಜೀವಕ್ಕೇ ಕುತ್ತು.

*ಧಮ್ಮದ ಮಾತು*
ನಾಳೆ ವಿಜ್ಞಾನ ಹೊಸ ಲೆಕ್ಕ ಕೊಟ್ಟರೂ ಶೀಲ ಅದಕ್ಕೆ ಕಾಯುವುದಿಲ್ಲ. ಐದನೇ ಶೀಲ ಮದ್ಯವನ್ನು ಬಿಡಲು ಹೇಳುವುದು ಅದು ಪ್ರಮಾದಕ್ಕೆ, ಅಂದರೆ ಎಚ್ಚರ ತಪ್ಪುವುದಕ್ಕೆ, ನೆಲೆ ಎಂದು. ಮಿತ ಯಾವುದೆಂದು ತೀರ್ಮಾನಿಸಬೇಕಾದ ಮನಸ್ಸನ್ನೇ ಮೊದಲ ಗ್ಲಾಸು ಮಂಕು ಮಾಡಿದರೆ ಮಿತ ಕಾಯುವವರು ಯಾರು? 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಬಾಬಾಸಾಹೇಬರು ನೀಡಿದ 22 ಪ್ರತಿಜ್ಞೆಗಳಲ್ಲಿ ಮದ್ಯ ಸೇವಿಸೆನೆಂಬುದೂ ಒಂದು. ಕೂಲಿ ಹಣ ಮನೆ ಸೇರಲಿ, ಮಕ್ಕಳ ಫೀಸಾಗಲಿ, ನಮ್ಮ ಬುದ್ಧಿ ನಮ್ಮ ಕೈಯಲ್ಲಿರಲಿ ಎನ್ನುವವರಿಗೆ ಆ ಪ್ರತಿಜ್ಞೆಯ ಬೆಲೆ ಗೊತ್ತು.

*ಇಂದಿನ ಅಭ್ಯಾಸ*
ಕುಡಿಯುವ ಅಣ್ಣನನ್ನೋ ಮಾವನನ್ನೋ ಹೀಯಾಳಿಸಬೇಡಿ. ಪಕ್ಕದಲ್ಲಿ ಕೂತು ಮೈತ್ರಿಯಿಂದ ಮಾತಾಡಿ, ಬಿಪಿ-ಶುಗರ್ ಪರೀಕ್ಷೆಗೆ ಜೊತೆಯಲ್ಲಿ ಹೋಗಿ. ದಿನವೂ ಹೆಚ್ಚು ಕುಡಿಯುವವರು ಒಮ್ಮೆಲೇ ನಿಲ್ಲಿಸಿದರೆ ಫಿಟ್ಸ್ ಬರಬಹುದು. ವೈದ್ಯರ ಸಲಹೆ ಪಡೆದೇ ಬಿಡಿಸಿ. ಬಿಟ್ಟವರು ಮತ್ತೆ ಎಡವಿದರೆ, ಮತ್ತೆ ಕೈ ಹಿಡಿಯಿರಿ.

ಎಲ್ಲರಿಗೂ ಮಂಗಳವಾಗಲಿ.
ನಮೋ ಬುದ್ಧಾಯ ☸️ ಜೈ ಭೀಮ್ 💙